ಅಕ್ಕನ ಹಸೆಹಾಡಿಗೆ ಟ್ರ್ಯಾಕ್ ಮಾಡಿದ್ದು

ಕೀಬೋರ್ಡಿನಲ್ಲಿ ರೆಕಾರ್ಡ್ ಮಾಡಿಟ್ಟ ಹಾಡಿನೊಳಗೆ ಸದ್ದೇ ಇರುವುದಿಲ್ಲ. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ನಂಬಲು ನನಗೇ ಬಹಳ ಕಾಲ ಹಿಡಿಯಿತು. ನಾನು ನುಡಿಸುವಾಗ ಆ ಯಂತ್ರ ಗುರುತಿಟ್ಟುಕೊಳ್ಳುವುದು ಕಪ್ಪು ಬಿಳುಪಿನ ಯಾವ ಮನೆಯನ್ನು ಯಾವಾಗ ಒತ್ತಿದೆ, ಎಷ್ಟು ಜೋರಾಗಿ ಒತ್ತಿದೆ, ಯಾವಾಗ ಬೆರಳು ತೆಗೆದೆ ಎಂಬುದನ್ನು ಮಾತ್ರ. ಮತ್ತೆ ಕೇಳಿಸು ಎಂದರೆ ಆ ಗುರುತಿನ ಪ್ರಕಾರ ತಾನೇ ಹೊಸದಾಗಿ ನುಡಿಸಿ ತೋರಿಸುತ್ತದೆ. ಮೊದಲ ಸಲ ಅದರ ಮುಂದೆ ಕೈಕಟ್ಟಿ ಕೂತು ನನ್ನದೇ ಬೆರಳ ನಡೆಯನ್ನು ಬೆರಳಿಲ್ಲದೆ ಕೇಳಿದಾಗ ಮೈ ಜುಮ್ಮೆಂದಿತು. ಎರಡನೇ ಸಾಲಿಗೆ ಬರುವಾಗ ನಾನು ಯಾವತ್ತೂ ಅವಸರ ಮಾಡುತ್ತೇನೆ ಎಂಬುದೂ ಅವತ್ತೇ ಗೊತ್ತಾಯಿತು. ಅದನ್ನು ನನ್ನ ಹೆಂಡತಿ ಮೊದಲಿಂದಲೂ ಹೇಳುತ್ತಿದ್ದಳು, ಆದರೆ ಹೆಂಡತಿಯ ಮಾತು ಯಂತ್ರದ ಮಾತಿನಷ್ಟು ಕಿವಿಗೆ ಹೋಗುವುದಿಲ್ಲ.

ಮಧುಗಿರಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಸ್ಟುಡಿಯೋ. ಸ್ಟುಡಿಯೋ ಎಂಬುದು ನಾನು ಇಟ್ಟ ಹೆಸರು. ಮನೆಯವರು ಅಲ್ಲೇ ಬಟ್ಟೆ ಮಡಿಸುತ್ತಾರೆ, ಅಲ್ಲೇ ಹುಣಸೆಹಣ್ಣು ಬಿಡಿಸುತ್ತಾರೆ. ಸಂಜೆ ಮಕ್ಕಳಿಗೆ ಕೀಬೋರ್ಡ್ ಪಾಠ, ಮಿಕ್ಕ ಹೊತ್ತು ಹಾಡುವವರಿಗೆ ಟ್ರ್ಯಾಕ್ ಮಾಡಿಕೊಡುವ ಕೆಲಸ. ಟ್ರ್ಯಾಕ್ ಎಂದರೆ ಹಾಡುವವರ ದನಿಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ. ತಾಳ, ಶ್ರುತಿ, ಕೊಳಲು, ಪಿಟೀಲು ಎಲ್ಲ ಇರುತ್ತದೆ, ನಡುವೆ ಒಂದು ಜಾಗ ಖಾಲಿ ಬಿಟ್ಟಿರುತ್ತೇನೆ. ಕೊರಟಗೆರೆಯ ಭಜನೆ ತಂಡದವರು ಬರುತ್ತಾರೆ, ಐ.ಡಿ.ಹಳ್ಳಿ ಕಡೆಯಿಂದ ಶಾಲಾ ವಾರ್ಷಿಕೋತ್ಸವದ ಡ್ಯಾನ್ಸಿಗೆಂದು ಮೇಷ್ಟ್ರುಗಳು ಬರುತ್ತಾರೆ, ಶಿರಾದಲ್ಲಿ ಆರತಕ್ಷತೆಗಳಿಗೆ ಹಾಡುವವರು ಬರುತ್ತಾರೆ.

ಆ ಶಿರಾದ ಗಾಯಕರೊಬ್ಬರಿಂದಲೇ ನನಗೆ ಬುದ್ಧಿ ಬಂದದ್ದು. ಕಷ್ಟಪಟ್ಟು ಹಾಡು ನುಡಿಸಿ, ಪೆನ್‌ಡ್ರೈವಿಗೆ ಹಾಕಿ, ಹೆಮ್ಮೆಯಿಂದ ಕೊಟ್ಟು ಕಳಿಸಿದ್ದೆ. ಮಾರನೆಯ ದಿನ ಅವರ ಫೋನು. "ಏನ್ ಸಾರ್, ಮಜಾಕ್ ಮಾಡ್ತೀರಾ? ಸ್ಟೇಜ್ ಮೇಲೆ ನಿಂತು ಪೆನ್‌ಡ್ರೈವ್ ಹಾಕುದ್ರೆ ಪೂರಾ ಖಾಲಿ. ಒಂದು ಆವಾಜಿಲ್ಲ!" ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲೇ ಬೈದೆ. ಆಮೇಲೆ ನೋಡಿದರೆ ಡೊಂಕಿದ್ದದ್ದು ನನ್ನ ನೆಲವೇ. ನಾನು ಕಳಿಸಿದ್ದು ಬೆರಳಿನ ಗುರುತು, ಹಾಡಲ್ಲ. ಗುರುತನ್ನು ಓದಿ ನುಡಿಸಬಲ್ಲದ್ದು ಇನ್ನೊಂದು ಕೀಬೋರ್ಡು ಮಾತ್ರ. ಪಾಪ, ಕಲ್ಯಾಣ ಮಂಟಪದ ಸೌಂಡ್ ಸಿಸ್ಟಂ ಏನು ಮಾಡೀತು?

ಅದನ್ನು ಆಡಿಯೋ ಮಾಡಿಕೊಡಬೇಕು. ಕೀಬೋರ್ಡಿಗೆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಲು ಬಿಟ್ಟು, ಹೊರಡುವ ಸದ್ದನ್ನು ಅದರೊಳಗೇ ರೆಕಾರ್ಡ್ ಮಾಡಬೇಕು. ಅವಸರಕ್ಕೆ ಬಗ್ಗುವ ಕೆಲಸವಲ್ಲ. ಹಾಡು ಎಷ್ಟು ಉದ್ದವೋ ಅಷ್ಟು ಹೊತ್ತು ಕಾಯಲೇಬೇಕು. ಆಡಿಯೋ ಆಗುವ ಮೊದಲು ಹಾಡು ಅಕ್ಕಿ ಇದ್ದ ಹಾಗೆ, ಏನು ಬೇಕಾದರೂ ಮಾಡಬಹುದು. ಶ್ರುತಿ ಏರಿಸಬಹುದು, ಇಳಿಸಬಹುದು, ಪಿಟೀಲಿನ ಬದಲು ಕೊಳಲು ಹಾಕಬಹುದು. ಆಡಿಯೋ ಆಯಿತೋ, ಅನ್ನವಾಯಿತು. ಆಮೇಲೆ ಬಡಿಸುವುದಷ್ಟೇ. ಇನ್ನೊಂದು ವಿಷಯ. ಈ ಕೆಲಸ ನಡೆಯುವಾಗ ಕೋಣೆಯಲ್ಲಿ ಗಂಡಹೆಂಡಿರ ಜಗಳವಾದರೂ ಫೈಲಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಸದ್ದು ಗಾಳಿಯಲ್ಲಿ ಹೋಗದೆ ಯಂತ್ರದ ಒಳಗೇ ಹರಿಯುತ್ತದೆ. ಕೀಬೋರ್ಡಿಗೆ ಮೈಕು ಸಿಕ್ಕಿಸಿರಬಾರದು, ಅಷ್ಟೇ.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ.

ಅಕ್ಕ ನನಗಿಂತ ಬಹಳ ದೊಡ್ಡವಳು. ಪಾವಗಡ ದಾಟಿ, ವೈ.ಎನ್.ಹೊಸಕೋಟೆ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋದಳು. ಅಲ್ಲಿ ಬಾಗಿಲೊಳಗೆ ಕನ್ನಡ, ಬಾಗಿಲಾಚೆ ತೆಲುಗು. ಸಿಟ್ಟು ಬಂದರೆ ಅಕ್ಕನಿಗೂ ತೆಲುಗೇ ಬರುತ್ತದೆ. ಆ ಸುತ್ತಿನಲ್ಲಿ ಯಾರ ಮನೆ ಮದುವೆಯಾದರೂ ಹೆಣ್ಣನ್ನು ಹಸೆಗೆ ಕರೆಯುವವಳು ಅವಳು. ನಮ್ಮಲ್ಲಿ ಮದುವಣಗಿತ್ತಿ ಹೊಸ್ತಿಲ ಒಳಗೆ ನಿಂತಿರುತ್ತಾಳೆ. ಚಪ್ಪರದಲ್ಲಿ ಹಸೆಯ ಪಕ್ಕ ನಿಂತ ಹೆಂಗಸರು ಹಾಡಿನಲ್ಲಿ ಅವಳನ್ನು ಕರೆಯಬೇಕು. ಕರೆದ ಮೇಲೆಯೇ ಸೋದರಮಾವ ಕೈಹಿಡಿದು ಅವಳನ್ನು ನಡೆಸಿಕೊಂಡು ಬರಬೇಕು. ಹಾಡಿಲ್ಲದೆ ಹೆಣ್ಣು ಹೊಸ್ತಿಲು ದಾಟುವ ಹಾಗಿಲ್ಲ. ಅಕ್ಕನ ದನಿಯೋ, ಮುಗಿಲಿಗೆ ಏಣಿ ಹಾಕಿದಂಥದ್ದು. ಅವಳು ಚಪ್ಪರದಲ್ಲಿ ಸೊಲ್ಲೆತ್ತಿದರೆ ಹೊಲದಲ್ಲಿದ್ದವರಿಗೆ ಹೆಣ್ಣು ಹಸೆಗೆ ಬಂತು ಎಂದು ತಿಳಿಯುತ್ತಿತ್ತು. ನಾನು ಸಂಗೀತಕ್ಕೆ ಬಿದ್ದದ್ದೇ ಆ ದನಿ ಕೇಳಿ, ಬೇರೆ ಯಾವ ಗುರುವೂ ಇರಲಿಲ್ಲ.

ಹೋದ ವರ್ಷ ಅವಳಿಗೆ ಗಂಟಲಿನ ಗಡ್ಡೆಯ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಪ್ರಾಣಕ್ಕೆ ಏನೂ ಆಗಲಿಲ್ಲ. ಮಾತು ಸ್ವಲ್ಪ ದಪ್ಪವಾಗಿ ವಾಪಸು ಬಂತು. ಮೇಲಿನ ದನಿ ಬರಲಿಲ್ಲ. ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನೆರೆಮನೆಯ ಶಾಸ್ತ್ರವೊಂದರಲ್ಲಿ ಅಕ್ಕ ಸೊಲ್ಲೆತ್ತಲು ಹೋದಳಂತೆ. ಎರಡನೇ ಸಾಲಿಗೆ ದನಿ ಒಡೆಯಿತಂತೆ. ಒಲೆಯ ಮೇಲೆ ಹಾಲಿಟ್ಟಿದ್ದೆ ಎಂದು ನೆಪ ಹೇಳಿ ಎದ್ದು ಬಂದವಳು ಮತ್ತೆ ಬಾಯಿ ತೆರೆದಿಲ್ಲ. ಕೆಲಸ ಮಾಡುತ್ತಾ ಗುನುಗುವುದನ್ನೂ ಬಿಟ್ಟಳು ಎಂದು ಅಕ್ಕನ ಮಗಳೇ ಹೇಳಿದಳು.

ಈ ನಡುವೆ ಆ ಮಗಳ ಮದುವೆ ಗೊತ್ತಾಯಿತು. ರಾಯಚರ್ಲು ಕಡೆಯ ಗಂಡು, ಸೋಲಾರ್ ಪ್ಲಾಂಟಿನಲ್ಲಿ ಕೆಲಸ, ಒಳ್ಳೆಯ ಮನೆತನ. ಅಕ್ಕ ಫೋನು ಮಾಡಿದಳು.

"ಮಗೀನ್ ಕೈ ಇಡ್ಕಂಡು ಬರೋನು ನೀನು. ನೀನ್ ಪೆಟ್ಟಿಗೆ ಬಾರ್ಸಕಾಗಲ್ಲ. ಅದೇನೋ ಟ್ರ್ಯಾಕ್ ಅಂತೀಯಲ್ಲ, ನಮ್ಮ ಹಸೆಹಾಡ್ಗೆಲ್ಲ ಅದ್ನ ಮಾಡ್ಬುಡು. ನಿನ್ ತಾವ ಬರ್ತಾಳಲ್ಲ, ಆ ಕೊರಟಗೆರೆ ಆರ್ಕೆಸ್ಟ್ರಾ ಹುಡ್ಗಿ ಬಂದು ಹಾಡ್ಲಿ."

"ನೀನಿರುವಾಗ ಆರ್ಕೆಸ್ಟ್ರಾ ಹುಡುಗಿ ಯಾಕಕ್ಕ?"

"ಗಂಟ್ಲು ಹೋಯ್ತು ಕಣ್ಲಾ. ಬುಡು."

ಆಗಲಿ, ಮಾಡಿಕೊಡುತ್ತೇನೆ ಎಂದೆ. ಊರ ಹೆಣ್ಣುಮಕ್ಕಳನ್ನೆಲ್ಲ ಹಾಡಿ ಹಸೆಗೆ ಕರೆದವಳು ಹೆತ್ತ ಮಗಳನ್ನು ಕರೆಯುವ ದಿನ ಬಾಯಿ ಮುಚ್ಚಿ ನಿಲ್ಲಬೇಕು. ಇದಕ್ಕಿಂತ ದೊಡ್ಡ ಸಂಕಟ ಅವಳಿಗೆ ಇರಲಿಲ್ಲ, ನನಗೂ ಇರಲಿಲ್ಲ.

ಕೀಬೋರ್ಡನ್ನು ಚೀಲಕ್ಕೆ ಹಾಕಿ ಬಸ್ಸಿನಲ್ಲಿ ಹೊರಟೆ. ಹಾಡುಗಳೆಲ್ಲ ಅವಳ ತಲೆಯಲ್ಲೇ ಇದ್ದದ್ದರಿಂದ ಕೀಬೋರ್ಡೇ ಅಲ್ಲಿಗೆ ಹೋಗಬೇಕಿತ್ತು. ಪಾವಗಡದವರೆಗೆ ಅದು ಕಿಟಕಿಯ ಪಕ್ಕ ಕೂತು ಬಂತು, ನಾನು ನಿಂತು ಬಂದೆ. ಅಕ್ಕನ ಮನೆಯ ಪಡಸಾಲೆಯಲ್ಲಿ ಅದನ್ನು ಬಿಚ್ಚಿಟ್ಟಾಗ ಅವಳು ಬಿತ್ತನೆಗೆಂದು ಕಡಲೆಕಾಯಿ ಸುಲಿಯುತ್ತಿದ್ದಳು. ಒಂದು ಕಡೆ ಮೂಟೆ, ಮಡಿಲಲ್ಲಿ ಮೊರ. ನಾನು ಜಾಣತನ ಮಾಡಿ ಮೈಕನ್ನೂ ಕೀಬೋರ್ಡಿಗೆ ಸಿಕ್ಕಿಸಿ ಅವಳ ಪಕ್ಕ ಟವೆಲ್ಲಿನ ಮೇಲೆ ಮಲಗಿಸಿದೆ. ಮಟ್ಟು ಹೇಳಿಕೊಡುವ ನೆಪದಲ್ಲಾದರೂ ಹಾಡಲಿ ಎಂಬ ಆಸೆ. ಅವಳು ಅದರ ಮೇಲೆ ಒಂದು ಹಿಡಿ ಸಿಪ್ಪೆ ಸುರಿದು ಕೆಲಸ ಮುಂದುವರಿಸಿದಳು.

ಹಾಡದೆ ಹಾಡು ಹೇಳಿಕೊಡುವುದು ಹೇಗೆ ಎಂದು ಅವತ್ತು ನೋಡಿದೆ. ನಾನು ನನಗೆ ನೆನಪಿದ್ದಂತೆ ನುಡಿಸುತ್ತಿದ್ದೆ, ಅವಳು ತಲೆ ತಗ್ಗಿಸಿ ಸುಲಿಯುತ್ತಲೇ ತಿದ್ದುತ್ತಿದ್ದಳು.

"ಅಲ್ಲಿ ಮೇಲಕ್ಕೆ ಓಗ್ಬ್ಯಾಡ. ಅಲ್ಲೇ ನಿಂತ್ಕ."

ನಿಂತೆ.

"ಅಷ್ಟು ಬಿರ್ರನೆ ಮುಗ್ಸಿದ್ಯಲ್ಲ, ಅಲ್ಲಿ ಹೆಣ್ಣು ಹೊಸ್ಲು ದಾಟ್ತಾಳೆ ಕಣ್ಲಾ. ಸೀರೆ ನೆರಿಗೆ ಇಡ್ಕಬ್ಯಾಡ್ವಾ? ತಲೆ ಬಾಗಿಸ್ಬ್ಯಾಡ್ವಾ? ಅವ್ಳ ನೂಕ್ಬುಡ್ತೀಯೇನು?"

ನಾನು ಆ ಹಾಡನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಆ ಸಾಲಿನ ಎಳೆತ ಹೊಸ್ತಿಲಿನ ಉದ್ದಕ್ಕೆ ಅಳತೆಯಾಗಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಹಾಡಿನಲ್ಲಿ ಅರಿಶಿನ ಹಚ್ಚುವ ಕೈ ಕೆನ್ನೆಯಿಂದ ಭುಜಕ್ಕೆ ಬರುವಷ್ಟು ಹೊತ್ತು ಒಂದೇ ಸ್ವರ ನಿಲ್ಲಬೇಕು. ಮತ್ತೊಂದರಲ್ಲಿ ಆರತಿ ತಟ್ಟೆ ಸುತ್ತು ಮುಗಿಸುವ ಜಾಗಕ್ಕೇ ತಾಳ ಬೀಳಬೇಕು. ಎಲ್ಲವನ್ನೂ ಅವಳು ಮೊರ ಕೇರುತ್ತಾ ಹೇಳಿದಳು. ನಾನು ಬೆರಗಾಗಿ ಕೂತಿದ್ದನ್ನು ನೋಡಿ, ನಿದ್ದೆ ಬಂತೇನೋ ಎಂದುಕೊಂಡು ಕಾಫಿ ತರಿಸಿದಳು. ಶೋಭೆಗೆ ಇರಲಿ ಎಂದು ನಡುನಡುವೆ ಶಹನಾಯಿ ಹಾಕಿದ್ದೆ. "ಅದ್ಯಾಕ್ಲಾ ಕೋಳಿ ಕೂಗ್ದಂಗೆ?" ಎಂದಳು. ತೆಗೆದುಬಿಟ್ಟೆ.

ಶ್ರುತಿಯನ್ನು ಕಪ್ಪು ನಾಲ್ಕಕ್ಕೇ ಇಟ್ಟೆ. ಅಂದರೆ ಕೀಬೋರ್ಡಿನ ನಾಲ್ಕನೆಯ ಕಪ್ಪು ಮನೆ. ಅದು ಅಕ್ಕನ ಹಳೆಯ ಶ್ರುತಿ, ಆರ್ಕೆಸ್ಟ್ರಾ ಹುಡುಗಿಗೂ ಸರಿಹೋಗುತ್ತಿತ್ತು. ಹಸೆಹಾಡುಗಳನ್ನೆಲ್ಲ ನುಡಿಸಿ ಮುಗಿಸಿದ ಮೇಲೆ ಆಡಿಯೋ ಮಾಡಲು ಒಂದರ ಹಿಂದೊಂದು ಬಿಟ್ಟೆ. ಅಷ್ಟರಲ್ಲಿ ಭಾವ ಚಪ್ಪರದ ಕಂಬ ನೋಡಲು ಕರೆದರು. ಕೀಬೋರ್ಡು ತಾನೇ ನುಡಿಸಿಕೊಳ್ಳುತ್ತಿತ್ತಲ್ಲ, ಹೊರಗೆ ಹೋದೆ. ಕಂಬ ನೋಡಿ, ಪಕ್ಕದ ಮನೆಯವರ ಕಂಬ ನೋಡಿ, ನಮ್ಮ ಕಂಬವೇ ಮೇಲು ಎಂದು ತೀರ್ಮಾನಿಸಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಕ್ಕ ಮೊದಲಿನಂತೆಯೇ ತಲೆ ತಗ್ಗಿಸಿ ಸುಲಿಯುತ್ತಿದ್ದಳು. ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡು, ಕೀಬೋರ್ಡನ್ನು ಹೆಗಲಿಗೇರಿಸಿ ಊರಿಗೆ ಬಂದೆ.

ಮಾರನೆಯ ಬೆಳಿಗ್ಗೆ ಮಧುಗಿರಿಯ ನನ್ನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಫೈಲು ತೆರೆದೆ. ಮೊದಲು ಕೇಳಿದ್ದು ಚಟ್, ಚಟ್ ಎಂಬ ಸದ್ದು. ವೈರಿನ ದೋಷವಿರಬೇಕು ಎಂದುಕೊಂಡೆ. ಆಮೇಲೆ ಕುಕ್ಕರ್ ಕೂಗಿತು. ಮೇಕೆಯೊಂದು ಅರಚಿತು. ತಲೆಗೆ ಸಿಟ್ಟೇರಿತು. ಮೈಕನ್ನು ಕೀಳದೆ, ಅದರ ವಾಲ್ಯೂಮೂ ಇಳಿಸದೆ ಹೊರಗೆ ಹೋಗಿದ್ದೆ. ಚಟ್ ಎಂದದ್ದು ಕಡಲೆಕಾಯಿ. ಒಂದು ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೇದಂತಾಯಿತು. ಹೆಡ್‌ಫೋನ್ ಕಿತ್ತು ಎಸೆಯಬೇಕು, ಅಷ್ಟರಲ್ಲಿ ಆ ಸದ್ದಿನ ಕೆಳಗಿನಿಂದ ಇನ್ನೊಂದು ಬಂತು.

ಯಾರೋ ಗುನುಗುತ್ತಿದ್ದರು.

ಮೊದಲು ಅದು ಅಕ್ಕ ಎಂದು ಗೊತ್ತಾಗಲಿಲ್ಲ. ಅಕ್ಕನ ದನಿ ನನಗೆ ಗೊತ್ತು, ಅದು ಮೇಲೆ ಹಾರುವ ದನಿ. ಇದು ನೆಲದ ಮೇಲೆ ನಡೆಯುತ್ತಿತ್ತು. ದಪ್ಪಗೆ, ಬೆಚ್ಚಗೆ, ಅಂಚಿನಲ್ಲಿ ಸ್ವಲ್ಪ ಒರಟಾಗಿ. ಪದಗಳಿಲ್ಲ, ಬಾಯಿ ಮುಚ್ಚಿಯೇ ಇತ್ತು. ಒಂದೆರಡು ಕಾಯಿ ಚಟ್ ಎನ್ನುತ್ತಿದ್ದವು, ಆ ದನಿ ಒಂದು ಸಾಲು ನಡೆದು ನಿಲ್ಲುತ್ತಿತ್ತು. ಹೊಸ್ತಿಲ ಸಾಲಿಗೆ ಬಂದಾಗ ಕಾಯಿ ಸುಲಿಯುವುದೂ ನಿಂತಿತು. ನೆರಿಗೆ ಹಿಡಿದು, ತಲೆ ಬಾಗಿಸಿ, ಕಾಲೆತ್ತಿ ಇಡುವಷ್ಟು ಹೊತ್ತು ಆ ದನಿ ಅಲ್ಲೇ ತಡೆದು ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು. ಬಂದದ್ದು ದುಃಖಕ್ಕಲ್ಲ. ಅಷ್ಟು ವರ್ಷ ಅವಳ ಹಾಡು ಕೇಳಿದವನು ನಾನು, ಅವಳೊಳಗೆ ಇಂಥದ್ದೊಂದು ಇದ್ದೀತೆಂದು ಎಣಿಸಿರಲಿಲ್ಲ.

ಇನ್ನೂ ಬೆರಗಾದದ್ದು ಆಮೇಲೆ. ಕೀಬೋರ್ಡಿನ ಮೇಲೆ ಬೆರಳಿಟ್ಟು ಅವಳು ಯಾವ ಮನೆಯಲ್ಲಿದ್ದಾಳೆ ಎಂದು ಹುಡುಕಿದೆ. ಟ್ರ್ಯಾಕು ಕಪ್ಪು ನಾಲ್ಕರಲ್ಲಿ ಹೋಗುತ್ತಿದೆ, ಅಕ್ಕ ಅದರ ಕೆಳಗೆ ಕಪ್ಪು ಎರಡರಲ್ಲಿ ಹೋಗುತ್ತಿದ್ದಾಳೆ. ಇವೆರಡರ ನಡುವಿನ ಯಾವ ಮನೆಯಲ್ಲಿ ಗುನುಗಿದ್ದರೂ ಕರ್ಕಶವಾಗುತ್ತಿತ್ತು. ಕಪ್ಪು ಎರಡು ಎಂದರೆ ನನ್ನ ಶ್ರುತಿಯ ಕೆಳಗಿನ ಪಂಚಮ. ಅದನ್ನೇ ತನ್ನ ಷಡ್ಜ ಮಾಡಿಕೊಂಡು, ಇಡೀ ಹಾಡನ್ನು ಅಲ್ಲಿಗೆ ಇಳಿಸಿಕೊಂಡು, ಎಲ್ಲೂ ತಾಗದಂತೆ ಟ್ರ್ಯಾಕಿನ ನೆರಳಿನಲ್ಲಿ ನಡೆದಿದ್ದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ತಾನು ಹಾಗೆ ಮಾಡಿದ್ದು ಅವಳಿಗೆ ತಿಳಿದಿದೆಯೆಂದೂ ನನಗೆ ಅನಿಸುವುದಿಲ್ಲ. ಕೈ ಕಡಲೆಕಾಯಿಯಲ್ಲಿತ್ತು, ಮನಸ್ಸು ಮಗಳ ಹತ್ತಿರ ಇತ್ತು, ದನಿ ತನಗೆ ಬೇಕಾದ ಜಾಗವನ್ನು ತಾನೇ ಹುಡುಕಿಕೊಂಡಿತು. ನಾನು ಆ ಫೈಲನ್ನು ಊಟದ ಹೊತ್ತಿನವರೆಗೆ ಕೇಳಿದೆ. ಹೆಂಡತಿ ಬಂದು ನೋಡಿ, ತಟ್ಟೆಯನ್ನು ಅಲ್ಲೇ ಇಟ್ಟು ಹೋದಳು.

ಆಮೇಲೆ ಹಾಡುಗಳನ್ನೆಲ್ಲ ಕಪ್ಪು ಎರಡಕ್ಕೆ ಇಳಿಸಿ ಮತ್ತೆ ಆಡಿಯೋ ಮಾಡಿದೆ. ಬೆರಳಿನ ಗುರುತು ಕೀಬೋರ್ಡಿನಲ್ಲಿ ಹಾಗೇ ಇತ್ತಲ್ಲ, ಒಂದು ಗುಂಡಿ ಒತ್ತಿ ಇಳಿಸುವುದಷ್ಟೇ ಕೆಲಸ. ಹುಡುಗಿಗೆಂದು ಕಪ್ಪು ನಾಲ್ಕರಲ್ಲೂ ಇನ್ನೊಂದು ಸಲ ಮಾಡಿದೆ. ಈ ಸಲ ಮೈಕನ್ನು ಕಿತ್ತು ಬೀರುವಿನೊಳಗಿಟ್ಟು ಬೀಗ ಹಾಕಿದ್ದೆ.

ಮದುವೆಗೆ ಮುಂಚೆಯೇ ಎಲ್ಲ ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಮೊದಲು ಸಿಕ್ಕಿದವಳು ಮಗಳು. ಗುನುಗಿದ ಫೈಲನ್ನು ಇಯರ್‌ಫೋನಿನಲ್ಲಿ ಕೇಳಿಸಿದೆ. ಅವಳು ನಿಂತಲ್ಲೇ ಗೋಡೆಗೆ ಒರಗಿದಳು.

"ಅವ್ವಾನಾ ಮಾವ ಇದು?"

"ಇನ್ಯಾರು?"

"ನಮ್ಮವ್ವ ಹಿಂಗೆ ಹಾಡ್ತಾಳಾ!"

ಇಬ್ಬರೂ ಸೇರಿ ಅಕ್ಕನನ್ನು ಕೂರಿಸಿ ಮೊದಲು ಅದನ್ನೇ ಕೇಳಿಸಿದೆವು. ಅಕ್ಕ ಮುಖ ಗಂಟು ಹಾಕಿಕೊಂಡು ಕೇಳಿದಳು. "ಯಾರ್ಲಾ ಅದು? ಎಲ್ಲಿ ಇಡ್ಕಬಂದೆ?" ಎಂದಳು.

"ಅಲ್ಲಿ ಕಡಲೆಕಾಯಿ ಸುಲಿಯುತ್ತಿದ್ದವರು ಯಾರು ಅಕ್ಕ?"

ಅವಳ ಮುಖ ಕೆಂಪಾಯಿತು. ಇಳಿಸಿದ ಟ್ರ್ಯಾಕಿನ ವಿಷಯ ಹೇಳಿದೆ, ಇದು ನಿನಗೇ ಮಾಡಿದ್ದು, ನೀನೇ ಕರೆಯಬೇಕು ಎಂದೆ. ಸಿಟ್ಟು ಬಂತು, ತೆಲುಗೂ ಬಂತು. "ಪೋರಾ, ಹೋಗ್ಲಾ! ಬೀಗ್ರು ಕೂತಿರ್ತಾರೆ. ಗಂಡಸ್ರ ಗಂಟ್ಲಲ್ಲಿ ಮಗೀನ ಹಸೆಗೆ ಕರೀಲಾ? ಹಸೆಹಾಡು ಮೇಲಿಂದ ಬರ್ಬೇಕು. ಇದು ಬಾವಿಯೊಳ್ಗಿಂದ ಕೂಗ್ದಂಗದೆ. ನನ್ ಕಾಲ ಮುಗೀತು, ಆ ಹುಡ್ಗಿ ಹಾಡ್ತಾಳೆ. ಅದ್ನ ಅಳ್ಸಾಕು."

"ಹಾಡುತ್ತಾ ಹಾಡುತ್ತಾ ರಾಗ ಅಂತ ನೀನೇ ಹೇಳುತ್ತಿದ್ದೆಯಲ್ಲ."

"ನರಳ್ತಾ ನರಳ್ತಾ ರೋಗ ಅಂತಾನೂ ಹೇಳ್ತಿದ್ದೆ. ಅಳ್ಸಾಕು ಅಂದೆ."

ಅಳಿಸಿದೆ ಎಂದೆ. ಅಳಿಸಲಿಲ್ಲ. ಆದರೆ ಅವಳ ಹಟದ ಮುಂದೆ ನನ್ನದೇನೂ ನಡೆಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಕಪ್ಪು ನಾಲ್ಕರ ಟ್ರ್ಯಾಕುಗಳೇ ನುಡಿಯಲಿ ಎಂದು ಒಪ್ಪಿ, ಸೌಂಡಿನವನಿಗೆ ಕೊಡು ಎಂದು ಪೆನ್‌ಡ್ರೈವನ್ನು ಮಗಳ ಕೈಗಿತ್ತೆ. ಎರಡೂ ಬಗೆಯವು ಅದರಲ್ಲಿದ್ದವು. ಯಾವುದು ಯಾವುದು ಎಂದು ಅವಳಿಗೆ ತಿಳಿಸಿಯೂ ಇದ್ದೆ.

ಮದುವೆ ಅಕ್ಕನ ಮನೆಯ ಮುಂದಿನ ಚಪ್ಪರದಲ್ಲೇ ನಡೆಯಿತು. ನಾನು ತಲೆಗೆ ಪೇಟ ಸುತ್ತಿಸಿಕೊಂಡು, ಮಗಳ ಕೈ ಹಿಡಿದು ಹೊಸ್ತಿಲ ಒಳಗೆ ನಿಂತಿದ್ದೆ. ಚಪ್ಪರದ ತುಂಬ ಜನ. ಬೀಗರ ಹೆಂಗಸರು ಒಂದು ಕಡೆ, ನಮ್ಮವರು ಒಂದು ಕಡೆ. ಆರ್ಕೆಸ್ಟ್ರಾ ಹುಡುಗಿ ಕೊರಟಗೆರೆಯಿಂದ ಬಂದು, ಜರಿ ಸೀರೆ ಉಟ್ಟು, ಮೈಕಿನ ಮುಂದೆ ನಿಂತಿದ್ದಳು. ಅಕ್ಕ ಹಸೆಯ ಪಕ್ಕ ಆರತಿ ತಟ್ಟೆ ಹಿಡಿದಿದ್ದಳು. ಪುರೋಹಿತರು ಹೆಣ್ಣನ್ನು ಕರೆಸಿ ಎಂದರು. ಸೌಂಡಿನವನಿಗೆ ಯಾರೋ ಕೈಸನ್ನೆ ಮಾಡಿದರು. ಟ್ರ್ಯಾಕು ಶುರುವಾಯಿತು.

ಶುರುವಾದದ್ದು ಕಪ್ಪು ಎರಡರಲ್ಲಿ.

ಹುಡುಗಿ ಬೆಚ್ಚಿ ನನ್ನ ಕಡೆ ನೋಡಿದಳು. ಅಲ್ಲಿಗೆ ಇಳಿಯಲು ನೋಡಿದಳು, ದನಿ ಬರೀ ಗಾಳಿಯಾಯಿತು. ಮೇಲೆ ಹಿಡಿಯಲು ನೋಡಿದಳು, ಕೀರಲಾಯಿತು. ನಿಲ್ಲಿಸಿ ಮೈಕನ್ನು ಕೈಯಿಂದ ಮುಚ್ಚಿಕೊಂಡಳು. ನಾನು ಸೌಂಡಿನವನ ಕಡೆ ಓಡಬೇಕೆಂದು ಕೈ ಬಿಡಿಸಿಕೊಳ್ಳಲು ಹೋದೆ. ಮಗಳು ಬಿಡಲಿಲ್ಲ. ಬಳೆ ತುಂಬಿದ ಆ ಕೈಯಲ್ಲಿ ಅಷ್ಟು ಬಲವಿತ್ತೇ?

"ನಿಂತ್ಕಳಿ ಮಾವ. ನಾನೇ ಹೇಳಿದ್ದು," ಎಂದಳು ಮೆಲ್ಲಗೆ.

ಎದುರಿಗೆ ಹಾಡುವವರಿದ್ದು ನುಡಿಸುವಾಗ ಅವರು ತಡವರಿಸಿದರೆ ನಾವು ಕಾಯುತ್ತೇವೆ, ಒಂದು ಸುತ್ತು ಹೆಚ್ಚು ಹಾಕುತ್ತೇವೆ. ಟ್ರ್ಯಾಕು ಯಾರಿಗೂ ಕಾಯುವುದಿಲ್ಲ. ತಾಳ ಬಿತ್ತು, ಕೊಳಲು ಬಂತು, ಹಾಡಿಗೆಂದು ನಾನು ಬಿಟ್ಟಿದ್ದ ಜಾಗ ಬಂತು, ಖಾಲಿಯಾಗಿಯೇ ಹೋಯಿತು. ಮತ್ತೊಂದು ಸಾಲು ಬಂತು, ಅದೂ ಖಾಲಿ ಹೋಯಿತು. ಬೀಗರ ಕಡೆ ಒಬ್ಬಾಕೆ "ಏಂದಿ ಇದಿ, ವಾದ್ಯಮೇ ವಸ್ತಾಂದಿ, ಪಾಟ ಲೇದು" ಎಂದದ್ದು ನನಗೂ ಕೇಳಿಸಿತು. ವಾದ್ಯ ಇದೆ, ಹಾಡಿಲ್ಲ. ಹೆಣ್ಣು ಹೊಸ್ತಿಲಲ್ಲಿ ನಿಂತಿದ್ದಾಳೆ, ಕರೆ ಖಾಲಿ ಹೋಗುತ್ತಿದೆ. ಅದನ್ನು ಚಪ್ಪರದಲ್ಲಿ ಎಲ್ಲರಿಗಿಂತ ಹೆಚ್ಚು ಸಹಿಸಲಾರದವಳು ಅಕ್ಕ. ಅವಳ ಮುಖವನ್ನೇ ನೋಡುತ್ತಿದ್ದೆ. ಮೊದಲು ಸಿಟ್ಟಿತ್ತು. ಆಮೇಲೆ ಮಗಳ ಕಡೆ ನೋಡಿದಳು. ಆರತಿ ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟಳು.

ಮುಂದಿನ ಖಾಲಿ ಜಾಗ ಬಂದಾಗ ಅದು ಖಾಲಿ ಇರಲಿಲ್ಲ.

ಮೈಕಿಲ್ಲ, ಏನಿಲ್ಲ. ಫೈಲಿನಲ್ಲಿ ಕೇಳಿದ್ದು ಗುನುಗು ಮಾತ್ರ, ಈಗ ಪದ ಇತ್ತು, ಉಸಿರಿತ್ತು, ಎದೆಯಿತ್ತು. ಮೊದಲ ಪದ ಸ್ವಲ್ಪ ನಡುಗಿತು. ಎರಡನೆಯದಕ್ಕೆ ನೆಲ ಸಿಕ್ಕಿತು. ಗದ್ದಲವೆಲ್ಲ ತಂತಾನೇ ನಿಂತಿತು. ಆಮೇಲೆ ನಡೆದದ್ದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಕ್ಕನ ಸೊಲ್ಲು ಮುಗಿದದ್ದೇ ಪಕ್ಕದವಳು ಅದನ್ನು ತೆಗೆದುಕೊಂಡಳು. ಅವಳ ಹಿಂದೆ ನಿಂತವಳು ತೆಗೆದುಕೊಂಡಳು. ಬೀಗರ ಕಡೆಯ ಅಜ್ಜಿಯೊಬ್ಬಳು ಪದ ಬರದಿದ್ದರೂ ತೆಲುಗಿನಲ್ಲಿ ಏನೋ ಸೇರಿಸಿಕೊಂಡು ಹಾಡಿದಳು. ನೋಡನೋಡುತ್ತ ಚಪ್ಪರದ ಹೆಂಗಸರೆಲ್ಲ ಹಾಡುತ್ತಿದ್ದರು. ಆವಾಗ ನನಗೆ ಹೊಳೆಯಿತು. ಅಕ್ಕ ಅಷ್ಟು ವರ್ಷ ಒಬ್ಬಳೇ ಹಾಡಿದ್ದಳು. ಅವಳ ಆ ಎತ್ತರಕ್ಕೆ ಯಾರೂ ಏರಲಾರದೆ ಎಲ್ಲರೂ ಬಾಯಿ ಮುಚ್ಚಿ ಕೇಳುತ್ತಿದ್ದರು. ನಾವು ಅದನ್ನು ಮರ್ಯಾದೆ ಎಂದುಕೊಂಡಿದ್ದೆವು. ಕಪ್ಪು ಎರಡು ಹೆಂಗಸರೆಲ್ಲ ಮಾತಾಡುವ ಜಾಗ, ಮಗುವಿಗೆ ಜೋಗುಳ ಹೇಳುವ ಜಾಗ. ಅಲ್ಲಿ ಎಲ್ಲರಿಗೂ ದನಿಯಿತ್ತು. ಅಕ್ಕನೂ ಸುತ್ತ ತಿರುಗಿ ನೋಡಿದಳು, ಇದೆಲ್ಲಿಂದ ಬರುತ್ತಿದೆ ಎಂಬಂತೆ. ಆ ಮುಖದ ಬೆರಗನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಟ್ರ್ಯಾಕು ತನ್ನ ಅಳತೆಗೆ ಮುಗಿಯಿತು. ಹಾಡು ಮುಗಿಯಲಿಲ್ಲ. ಟ್ರ್ಯಾಕು ನಿಂತದ್ದು ಅವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಅಕ್ಕ ಮತ್ತೆ ಮೊದಲ ಸೊಲ್ಲೆತ್ತಿದಳು, ಅವರು ತೆಗೆದುಕೊಂಡರು. ಹೊಸ್ತಿಲ ಸಾಲು ಬಂತು. ಮಗಳ ಕೈ ಹಿಡಿದು ನಾನು ಕಾಲೆತ್ತಿದೆ. ಮಗಳು ಎತ್ತಲಿಲ್ಲ. ಸಾಲು ಮುಗಿಯಿತು. ಅಕ್ಕ ಮತ್ತೆ ಕರೆದಳು. ಮಗಳು ಹೊಸ್ತಿಲ ಒಳಗೇ ನಿಂತಿದ್ದಳು. ಕೆನ್ನೆಯ ಅರಿಶಿನದ ಮೇಲೆ ನೀರು ಇಳಿಯುತ್ತಿತ್ತು. ಪುರೋಹಿತರು ಗಂಟಲು ಸರಿಮಾಡಿಕೊಂಡರು.

ಅಕ್ಕ ಹಾಡು ನಿಲ್ಲಿಸಿದಳು.

"ಬಾರೇ, ಇನ್ನೆಷ್ಟು ಕರೀಲಿ ನಿನ್ನ?" ಎಂದಳು, ಬರೀ ಮಾತಿನಲ್ಲಿ.

"ಇನ್ನೊಂದ್ಸಲ ಕರಿಯವ್ವ," ಎಂದಳು ಮಗಳು. "ನಾನು ಬಂದ್ಬುಟ್ರೆ ನೀನು ನಿಲ್ಸ್ಬುಡ್ತೀಯ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಕರೆದಳು.